ಹಳೇ ಗಿಟಾರ್ ಆಂಪ್‌ಗೆ ಯಾವ ಸ್ಪೀಕರ್? ಜೆನ್ಸನ್, ಸೆಲೆಶನ್, ಜೆಬಿಎಲ್ ಪಕ್ಕಪಕ್ಕ ಇಟ್ಟು ನೋಡಿದ್ರೆ

ಹಳೇ ಟ್ಯೂಬ್ ಆಂಪ್ (ಟ್ರಾನ್ಸಿಸ್ಟರ್ ಬದಲು ವಾಲ್ವ್ ಇರೋ ಆಂಪ್ಲಿಫೈಯರ್) ಒಂದು ಕೈಗೆ ಸಿಕ್ಕಿರತ್ತೆ, ಇಲ್ಲಾ ಅಮೆರಿಕಾದ ಫೆಂಡರ್ ಕಂಪನಿಯ ಹಳೇ ಆಂಪ್ ಸರ್ಕ್ಯೂಟ್ ನೋಡ್ಕೊಂಡು ಯಾರೋ ಕಟ್ಟಿಕೊಟ್ಟಿರ್ತಾರೆ, ಒಳಗಿರೋ ಸ್ಪೀಕರ್ ಕಾಯಿಲ್ (ಪೇಪರನ್ನ ಅಲ್ಲಾಡಿಸೋ ತಂತಿ ಸುರುಳಿ) ಸುಟ್ಟಿರತ್ತೆ ಅಥವಾ ಪೇಪರ್ ಹರಿದಿರತ್ತೆ. ಏನ್ ಹಾಕ್ಲಿ ಅಂತ ಕೇಳಿದ್ರೆ ಒಬ್ರು ಜೆನ್ಸನ್ ಬಿಟ್ಟು ಬೇರೆ ಮುಟ್ಟಲೇಬೇಡಿ ಅಂತಾರೆ, ಇನ್ನೊಬ್ರು ಸೆಲೆಶನ್ ಬ್ಲೂ ಅಂತಾರೆ, ಮತ್ತೊಬ್ರು ಸುಮ್ನೆ ವಿಂಟೇಜ್ 30 ಹಾಕಿ ಕೆಲಸ ಮುಗಿಸಿ ಅಂತಾರೆ. ಮೂರೂ ಜನ ಅವರವರ ಮಟ್ಟಿಗೆ ಸರಿನೇ, ಯಾಕಂದ್ರೆ ಅವರ ಆಂಪ್ ಬೇರೆ, ನುಡಿಸೋ ಜಾಗ ಬೇರೆ, ಸೌಂಡ್ ಎಷ್ಟು ಏರಿಸ್ತಾರೆ ಅನ್ನೋದೂ ಬೇರೆ. ಹಾಗಾಗಿ ಬ್ರ್ಯಾಂಡ್ ಹೆಸರು ಆಮೇಲೆ, ಮೊದಲು ಏನೇನ್ ನೋಡ್ಬೇಕು ಅಂತ ಹೇಳ್ಬಿಡ್ತೀನಿ.

ಮೊದಲನೇದು ವ್ಯಾಟ್. ಟ್ಯೂಬ್ ಆಂಪ್ ಮೇಲೆ 15 ವ್ಯಾಟ್ ಅಂತ ಬರೆದಿದ್ರೆ ಅದು ಸೌಂಡ್ ಒಡೆಯೋಕೆ ಮುಂಚಿನ ಲೆಕ್ಕ, ವಾಲ್ಯೂಮ್ ಪೂರ್ತಿ ತಿರುಗಿಸಿದ್ರೆ ಅದಕ್ಕಿಂತ ಜಾಸ್ತಿನೇ ಕಕ್ಕತ್ತೆ, ಅದಕ್ಕೇ ಆಂಪ್‌ನ ವ್ಯಾಟ್‌ಗಿಂತ ಸ್ಪೀಕರ್ ವ್ಯಾಟ್ ಆದಷ್ಟು ಎರಡರಷ್ಟು ಇರ್ಲಿ ಅಂತ ಹೇಳೋದು. ಎರಡನೇದು ಸೆನ್ಸಿಟಿವಿಟಿ, ಅಂದ್ರೆ ಒಂದು ವ್ಯಾಟ್ ಕೊಟ್ರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಬರತ್ತೆ ಅನ್ನೋದು. ಜನ ಇದನ್ನ ನೋಡೋದೇ ಇಲ್ಲ, ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ವಿಷಯ ಇದೇ. 3 ಡೆಸಿಬೆಲ್ ಜಾಸ್ತಿ ಅಂದ್ರೆ ಆಂಪ್‌ನ ಪವರ್ ಡಬಲ್ ಮಾಡಿದ ಹಾಗೆ, ಅಂದ್ರೆ 97 ಇರೋ ಸ್ಪೀಕರ್ ತೆಗೆದು 100 ಇರೋದು ಹಾಕಿದ್ರೆ ನಿಮ್ಮ 20 ವ್ಯಾಟ್ ಆಂಪ್ 40 ವ್ಯಾಟಿಂದರ ಥರ ಕೂಗತ್ತೆ, ಒಂದು ಟ್ಯೂಬೂ ಬದಲಾಯಿಸದೆ. ಮನೇಲಿ ನುಡಿಸೋರಿಗೆ ಅದೇ ತಲೆನೋವು, ಸ್ಟೇಜ್‌ನವರಿಗೆ ಅದೇ ವರ.

ಮೂರನೇದು ಕೋನ್, ಅಂದ್ರೆ ಸ್ಪೀಕರ್ ಮುಂದೆ ಕಾಣೋ ಆ ಪೇಪರ್, ಯಾವಾಗ ಒಡೆಯತ್ತೆ ಅನ್ನೋದು. ಒಡೆಯೋದು ಅಂದ್ರೆ ಹಾಳಾಗೋದಲ್ಲ. ತೆಳ್ಳಗಿನ ಪೇಪರ್ ಕೋನ್ ಜೋರಾಗಿ ನೂಕಿದಾಗ ಪೂರ್ತಿ ಒಂದೇ ತುಂಡಾಗಿ ಹಿಂದೆಮುಂದೆ ಹೋಗೋ ಬದಲು ಅಲ್ಲಲ್ಲಿ ತನ್ನಷ್ಟಕ್ಕೆ ನಡುಗೋಕೆ ಶುರು ಮಾಡತ್ತೆ, ಆ ಗರಗರ ಅನ್ನೋದೇ ಬ್ಲೂಸ್‌ನವರಿಗೆ ಬೇಕಾಗಿರೋದು, ಜಾಝ್‌ನವರಿಗೆ ಬೇಡವಾಗಿರೋದು. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಜ್ ದಾಟಿದ ಮೇಲೆ ದಬಕ್ಕಂತ ಇಳಿದುಬಿಡತ್ತೆ, ಅದಕ್ಕೇ ಡಿಸ್ಟಾರ್ಷನ್ ಕಿವಿಗೆ ಚುಚ್ಚದೆ ದುಂಡಗೆ ಕೇಳ್ಸತ್ತೆ. ಅದೇ ಕಾರಣಕ್ಕೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸಿಗೋ 12 ಇಂಚಿನ ಡಿಜೆ ಸ್ಪೀಕರ್ 300 ವ್ಯಾಟ್ ಅಂತ ಬರೆದಿದೆ ಅಂತ ತಂದು ಹಾಕಬೇಡಿ. ಮೈಕ್‌ಸೆಟ್‌ಗೆ ಅದು ಸರಿ, ಗಿಟಾರ್‌ಗೆ ಹಾಕಿದ್ರೆ ಸೌಂಡ್ ಸತ್ತುಹೋಗತ್ತೆ.

ಉಳಿದಿದ್ದು ಓಮ್, ತೂಕ, ದುಡ್ಡು. ಓಮ್ ಅಂದ್ರೆ ಸ್ಪೀಕರ್ ಕರೆಂಟ್‌ಗೆ ಎಷ್ಟು ಅಡ್ಡಿ ಮಾಡತ್ತೆ ಅನ್ನೋ ಅಳತೆ, ಅದರ ವಿಷಯದಲ್ಲಿ ಮಾತ್ರ ಆಟ ಬೇಡ. ಆಂಪ್ 8 ಕೇಳಿದ್ರೆ 8 ಕೊಡಿ, ಎರಡು 8 ಓಮ್ ಸ್ಪೀಕರ್ ಪ್ಯಾರಲಲ್ ಹಾಕಿದ್ರೆ 4, ಸೀರೀಸ್ ಹಾಕಿದ್ರೆ 16. ಟ್ಯೂಬ್ ಆಂಪನ್ನ ಸ್ಪೀಕರ್ ಇಲ್ಲದೆ ಆನ್ ಮಾಡಿ ನುಡಿಸಿದ್ರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗೋ ಚಾನ್ಸ್ ಇದೆ, ಆಗ ಸ್ಪೀಕರ್ ಖರ್ಚೇ ಸಣ್ಣದು ಅನ್ನಿಸತ್ತೆ.

ಈಗ ಜೆನ್ಸನ್. ಪೀಟರ್ ಜೆನ್ಸನ್ ಡೆನ್ಮಾರ್ಕಿಂದ ಅಮೆರಿಕಾಗೆ ಬಂದವ್ರು, ಎಡ್ವಿನ್ ಪ್ರಿಡಮ್ ಜೊತೆ ಸೇರಿ 1915ರ ಸುಮಾರಿಗೆ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಮ್ಯಾಗ್ನವಾಕ್ಸ್ ಲೌಡ್‌ಸ್ಪೀಕರ್ ಮಾಡಿದವ್ರು, ಆಮೇಲೆ 1927ರಲ್ಲಿ ತಮ್ಮದೇ ಕಂಪನಿ ಶುರು ಮಾಡಿದ್ರು, ಅದು ಶಿಕಾಗೋದಲ್ಲಿ ಬೆಳೀತು. ಮಧ್ಯದಲ್ಲಿ 1925ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲ್ಲಾಗ್ ಅನ್ನೋ ಇಬ್ರು ಈಗ ನಾವು ನೋಡೋ ಥರದ ಕಾಗದದ ಕೋನ್ ಸ್ಪೀಕರ್‌ಗೆ ದಾರಿ ಹಾಕಿಕೊಟ್ರು. 1930ರ ದಶಕದಲ್ಲಿ ಬಂದ ಗಿಬ್ಸನ್ ಇಎಚ್-150 ಥರದ ಮೊದಮೊದಲ ಗಿಟಾರ್ ಆಂಪ್‌ಗಳಲ್ಲಿ ಇದ್ದಿದ್ದು ಫೀಲ್ಡ್ ಕಾಯಿಲ್ ಸ್ಪೀಕರ್. ಅದರಲ್ಲಿ ಮ್ಯಾಗ್ನೆಟ್ಟೇ ಇರಲ್ಲ, ತಂತಿ ಸುತ್ತಿರೋ ದೊಡ್ಡ ಕಾಯಿಲ್‌ಗೆ ಕರೆಂಟ್ ಕೊಟ್ಟು ಅದನ್ನೇ ಮ್ಯಾಗ್ನೆಟ್ ಮಾಡೋದು, ಅದೇ ಕಾಯಿಲ್ ಪವರ್ ಸಪ್ಲೈನಲ್ಲಿ ಚೋಕ್ ಕೆಲಸನೂ (ಕರೆಂಟ್‌ನ ಗುಂಯ್ ಅನ್ನೋ ಸದ್ದು ಸೋಸೋದು) ಮಾಡ್ತಿತ್ತು. ಅಂಥ ಆಂಪ್ ಸಿಕ್ಕಿದ್ರೆ ಸ್ಪೀಕರ್ ಕಿತ್ತು ಬೇರೆ ಹಾಕೋ ಮುಂಚೆ ಗೊತ್ತಿರೋ ಟೆಕ್ನೀಷಿಯನ್ ಹತ್ರ ಹೋಗಿ, ಆ ಕಾಯಿಲ್ ತೆಗೆದ್ರೆ ಸರ್ಕ್ಯೂಟೇ ಅರ್ಧಕ್ಕೆ ನಿಲ್ಲತ್ತೆ.

ಆಮೇಲೆ ಅಲ್ನಿಕೋ ಬಂತು. ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್, ಕಬ್ಬಿಣ ಸೇರಿದ ಪರ್ಮನೆಂಟ್ ಮ್ಯಾಗ್ನೆಟ್ ಅದು. ಜೆನ್ಸನ್ ನಂಬರ್ ಓದೋದು ಸುಲಭ: ಮೊದಲ ಅಕ್ಷರ ಎಫ್ ಇದ್ರೆ ಫೀಲ್ಡ್ ಕಾಯಿಲ್, ಪಿ ಇದ್ರೆ ಅಲ್ನಿಕೋ, ಸಿ ಇದ್ರೆ ಸೆರಾಮಿಕ್ ಮ್ಯಾಗ್ನೆಟ್, ಮಧ್ಯದ ಅಂಕಿ ಇಂಚು, ಕೊನೇ ಅಕ್ಷರ ಕಾಯಿಲ್ ಮತ್ತೆ ಮ್ಯಾಗ್ನೆಟ್ ಎಷ್ಟು ದೊಡ್ಡದು ಅಂತ, ಆರ್ ಚಿಕ್ಕದು, ಕ್ಯೂ ಮಧ್ಯದ್ದು, ಎನ್ ದೊಡ್ಡದು. ಪಿ12ಆರ್ ಒಂದು ಇಂಚಿನ ಕಾಯಿಲ್‌ನ ಸಣ್ಣ ಸ್ಪೀಕರ್, ಫೆಂಡರ್ ತನ್ನ ಟ್ವೀಡ್ ಬಟ್ಟೆ ಹೊದಿಸಿದ ಹಳೇ ಆಂಪ್ ಟ್ವೀಡ್ ಡಿಲಕ್ಸ್‌ಗೆ ಹಾಕಿದ್ದು ಅದನ್ನೇ. 1950ರ ದಶಕದ ಕೊನೇ ಫೆಂಡರ್ ಬಾಸ್‌ಮನ್‌ನಲ್ಲಿ ನಾಲ್ಕು ಪಿ10ಆರ್, ನಾಲ್ಕೂ ಪ್ಯಾರಲಲ್, ಒಟ್ಟು 2 ಓಮ್. ಬಾಸ್‌ಗೆ ಅಂತ ಮಾಡಿದ್ದು, ಬಾಸ್‌ಗೆ ಆ ಪುಟ್ಟ ಸ್ಪೀಕರ್‌ಗಳು ತಡೆದುಕೊಳ್ಳಲಿಲ್ಲ, ಗಿಟಾರ್‌ನವ್ರು ಎತ್ಕೊಂಡು ಹೋದ್ರು. ಅದೇ ಸರ್ಕ್ಯೂಟ್ ನೋಡ್ಕೊಂಡು ಲಂಡನ್‌ನ ಹ್ಯಾನ್ವೆಲ್‌ನಲ್ಲಿ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ 1962ರಲ್ಲಿ ತನ್ನ ಮೊದಲ ಆಂಪ್ ಮಾಡಿಸಿದ್ದು, ಆದ್ರೆ ಅಮೆರಿಕಾದ ಜೆನ್ಸನ್ ಬದಲು ಊರಲ್ಲೇ ಸಿಗೋ ಸೆಲೆಶನ್ ಹಾಕಿದ್ರು. ಇಂಗ್ಲಿಷ್ ಸೌಂಡ್ ಅಮೆರಿಕನ್ ಸೌಂಡ್ ಅಂತ ಬೇರೆ ಆಗಿದ್ದರಲ್ಲಿ ಸ್ಪೀಕರ್ ಪಾಲು ಎಷ್ಟು ಅಂತ ಇದರಲ್ಲೇ ಗೊತ್ತಾಗತ್ತೆ ನೋಡಿ.

ಜೆನ್ಸನ್ ಸ್ವಭಾವ ಹೇಳ್ಬೇಕಂದ್ರೆ ಮೇಲೆ ಗಂಟೆ ಥರ ಟಣಟಣ, ಮಧ್ಯ ಸ್ವಲ್ಪ ಖಾಲಿ, ಕೆಳಗೆ ಸಡಿಲ. ಕ್ಲೀನ್ ಆಗಿ ನುಡಿಸಿದ್ರೆ, ಅದ್ರಲ್ಲೂ ಫೆಂಡರ್‌ನ ಟೆಲಿಕ್ಯಾಸ್ಟರ್ ಗಿಟಾರ್ ಇದ್ರೆ, ಇದನ್ನ ಮೀರಿಸೋದು ಕಷ್ಟ. ಆರ್ ಮಾದರಿ ಬೇಗ ಒಡೆಯತ್ತೆ, ಬಾಸ್ ನೋಟ್‌ಗಳು ಮೆತ್ತಗಾಗಿಬಿಡತ್ತೆ, 15 ವ್ಯಾಟ್ ಒಳಗಿನ ಆಂಪ್‌ಗೆ ಮಾತ್ರ ಸರಿ. ಒಂದೂವರೆ ಇಂಚಿನ ಕಾಯಿಲ್ ಇರೋ ಪಿ12ಎನ್ ಆಗ್ಲಿ ಸಿ12ಎನ್ ಆಗ್ಲಿ ಗಟ್ಟಿ, ಬಿಗಿ, ಜೋರು. ಈಗಿನ ಜೆನ್ಸನ್ ರೀಇಶ್ಯೂಗಳನ್ನ, ಅಂದ್ರೆ ಹಳೇ ಮಾದರಿ ನೋಡಿ ಹೊಸದಾಗಿ ಮಾಡಿದ್ದನ್ನ, ಇಟಲಿಯಲ್ಲಿ ಸಿಕಾ ಕಂಪನಿ ಮಾಡತ್ತೆ. ಹೊಸದರಲ್ಲಿ ಮೇಲಿನ ಸೌಂಡ್ ಸ್ವಲ್ಪ ಚುರುಕು ಜಾಸ್ತಿ, ಕೆಲವರಿಗೆ ಕಿವಿ ಚುಚ್ಚತ್ತೆ, ಒಂದಷ್ಟು ದಿನ ಜೋರಾಗಿ ನುಡಿಸಿದ ಮೇಲೆ ಪಳಗತ್ತೆ, ಪೂರ್ತಿ ಹೋಗತ್ತೆ ಅಂತ ಮಾತ್ರ ಕಾಯಬೇಡಿ.

ಇಲ್ಲೇ ಅಲ್ನಿಕೋ ಸೆರಾಮಿಕ್ ಜಗಳ ಮುಗಿಸಿಬಿಡೋಣ. 1960ರ ದಶಕದ ಶುರುವಿಂದ ಕಂಪನಿಗಳು ಸೆರಾಮಿಕ್‌ಗೆ ಹೋಗಿದ್ದು ಸೌಂಡ್ ನೋಡಿ ಅಲ್ಲ, ಅಗ್ಗ ಅಂತ. 1978ರಲ್ಲಿ ಜೈರ್ (ಈಗಿನ ಕಾಂಗೋ) ದೇಶದ ಶಾಬಾ ಪ್ರಾಂತ್ಯದಲ್ಲಿ ಗಲಾಟೆ ಆಗಿ ಕೋಬಾಲ್ಟ್ ರೇಟ್ ಆಕಾಶಕ್ಕೆ ಹೋದ ಮೇಲಂತೂ ಅಲ್ನಿಕೋ ಹಾಕ್ತಿದ್ದ ಉಳಿದವರೂ ಬಿಟ್ರು. ಆದ್ರೆ ಸೆರಾಮಿಕ್‌ಗೆ ಬದಲಾಯಿಸುವಾಗ ಎಷ್ಟೋ ಕಡೆ ಕೋನ್, ಕಾಯಿಲ್, ಫ್ರೇಮ್ ಕೂಡ ಬದಲಾದ್ವು, ಕೇಳಿಸೋ ವ್ಯತ್ಯಾಸದಲ್ಲಿ ಅವುಗಳ ಪಾಲೇ ದೊಡ್ಡದು. ಅಲ್ನಿಕೋ ಜೋರಾಗಿ ನುಡಿಸಿದಾಗ ಸ್ವಲ್ಪ ಮೆತ್ತಗೆ ಕುಗ್ಗತ್ತೆ ಅನ್ನೋದನ್ನ ಸುಮಾರು ಜನ ಒಪ್ತಾರೆ, ಆದ್ರೆ ಬೆಡ್‌ರೂಮ್ ವಾಲ್ಯೂಮಲ್ಲಿ ಅದು ನಿಮಗೆ ಸಿಗಲ್ಲ, ಬರೀ ಮ್ಯಾಗ್ನೆಟ್ ಹೆಸರಿಗೆ ಎರಡರಷ್ಟು ದುಡ್ಡು ಕೊಡೋದು ದಂಡ.

ಫೆಂಡರ್ ಆಂಪ್‌ಗಳಲ್ಲಿ ಜೆನ್ಸನ್ ಬಿಟ್ರೆ ಆಕ್ಸ್‌ಫರ್ಡ್, ಯೂಟಾ, ಸಿಟಿಎಸ್ ಅನ್ನೋ ಹೆಸರುಗಳೂ ಇರ್ತಾವೆ. ಹಳೇದು ಹುಡುಕೋರು ಇವನ್ನ ಕಡೆಗಣಿಸ್ತಾರೆ, ಅದಕ್ಕೇ ರೇಟ್ ಕಡಿಮೆ. 1960ರ ದಶಕದ ಡಿಲಕ್ಸ್ ರಿವರ್ಬ್‌ಗಳಲ್ಲಿ ಎಷ್ಟೋ ಆಕ್ಸ್‌ಫರ್ಡ್ ಹಾಕ್ಕೊಂಡೇ ಫ್ಯಾಕ್ಟರಿಯಿಂದ ಬಂದಿದ್ದು, ಜನ ಮೆಚ್ಚೋ ಆ ಸೌಂಡ್‌ನಲ್ಲಿ ಅದೂ ಇದೆ. ಅದು ಚೆನ್ನಾಗಿದ್ರೆ ಕೀಳೋಕೆ ಹೋಗ್ಬೇಡಿ, ಕಿತ್ರೂ ಎಸೀಬೇಡಿ, ಆಂಪ್ ಮಾರುವಾಗ ಒರಿಜಿನಲ್ ಸ್ಪೀಕರ್ ಜೊತೆಗಿದ್ರೆ ಬೆಲೆ ಬೇರೆನೇ.

ಸೆಲೆಶನ್ ಕಡೆ ಬರೋಣ. 1924ರಲ್ಲಿ ಲಂಡನ್ ಪಕ್ಕದ ಹ್ಯಾಂಪ್ಟನ್ ವಿಕ್‌ನಲ್ಲಿ ಶುರುವಾದ ಕಂಪನಿ, ಆಮೇಲೆ ಥೇಮ್ಸ್ ಡಿಟನ್, ಆಮೇಲೆ ಇಪ್ಸ್‌ವಿಚ್. 1950ರ ದಶಕದ ಕೊನೇಲಿ ಇಂಗ್ಲೆಂಡಿನ ವಾಕ್ಸ್ ಕಂಪನಿಯವ್ರು ಎಸಿ15, ಎಸಿ30 ಅನ್ನೋ ಆಂಪ್ ಮಾಡುವಾಗ ಸೆಲೆಶನ್‌ನ ಸಾಮಾನ್ಯ 12 ಇಂಚಿನ ಸ್ಪೀಕರನ್ನೇ ಗಿಟಾರ್ ಹೊಡೆತ ತಡೆಯೋ ಹಾಗೆ ಗಟ್ಟಿ ಮಾಡಿಸಿದ್ರು, ನೀಲಿ ಬಣ್ಣ ಬಳಿದ್ರು, ಅದೇ ಬ್ಲೂ. ಬೀಟಲ್ಸ್, ಶ್ಯಾಡೋಸ್, ಆಮೇಲೆ ಕ್ವೀನ್ ಬ್ಯಾಂಡ್‌ನ ಬ್ರಯನ್ ಮೇ ಎಲ್ಲರ ಎಸಿ30 ಸೌಂಡಲ್ಲೂ ಇದರ ಕೈವಾಡ ಇದೆ. ವ್ಯಾಟ್ ಬರೀ 15, ಸೆನ್ಸಿಟಿವಿಟಿ 100 ಡೆಸಿಬೆಲ್. ಅಂದ್ರೆ 30 ವ್ಯಾಟ್ ಆಂಪ್‌ಗೆ ಎರಡು ಹಾಕಿದ್ರೂ ಸರಿಯಾಗಿ ಅಂಚಿನ ಮೇಲೆ ಕೂತ ಹಾಗೆ, ಪೂರ್ತಿ ತಿರುಗಿಸಿ ಆಡಿಸಿದ್ರೆ ಕಾಯಿಲ್ ಸುಡೋ ಭಯ ಇದ್ದೇ ಇದೆ. ಸೌಂಡ್ ಮಾತ್ರ ಮೇಲೆ ಮಿಣಮಿಣ, ಮಧ್ಯದಲ್ಲಿ ತುಂಬಿಕೊಂಡಿರತ್ತೆ, ಬೆರಳಲ್ಲಿ ಎಷ್ಟು ಒತ್ತಿದ್ರೆ ಅಷ್ಟು ಮಾತಾಡತ್ತೆ. ಬೆಲೆ ಸೆಲೆಶನ್‌ದೇ ಗ್ರೀನ್‌ಬ್ಯಾಕ್‌ಗೆ (ಅದರ ವಿಷಯ ಮುಂದೆ ಹೇಳ್ತೀನಿ) ಸುಮಾರು ಎರಡರಷ್ಟು. 10 ವ್ಯಾಟ್ ಒಳಗಿನ ಆಂಪ್‌ನಿಂದ ಜೋರು ಸೌಂಡ್ ಬೇಕು, ಚೆನ್ನಾಗಿರೋ ಸೌಂಡೂ ಬೇಕು, ದುಡ್ಡೂ ಇದೆ ಅನ್ನೋರಿಗೆ ಕಣ್ಮುಚ್ಚಿ ಹೇಳಬಹುದು. ಮನೇಲಿ ಸೌಂಡ್ ತಗ್ಗಿಸಬೇಕು ಅನ್ನೋರಿಗೆ ಅದೇ 100 ಡೆಸಿಬೆಲ್ ಶತ್ರು.

1960ರ ದಶಕದ ಮಧ್ಯದಲ್ಲಿ ಸೆಲೆಶನ್ ಕೂಡ ಸೆರಾಮಿಕ್‌ಗೆ ಬಂತು, ಮ್ಯಾಗ್ನೆಟ್ ಮೇಲೆ ಹಸಿರು ಪ್ಲಾಸ್ಟಿಕ್ ಮುಚ್ಚಳ ಹಾಕಿದ್ರು, ಅದಕ್ಕೇ ಗ್ರೀನ್‌ಬ್ಯಾಕ್ ಅನ್ನೋ ಹೆಸರು ಬಿತ್ತು. ಅದರ ಮಾಡೆಲ್ ನಂಬರ್ ಜಿ12ಎಂ, ಮೊದಲು 20 ವ್ಯಾಟ್, ಆಮೇಲೆ 25. ಒಂದೊಂದು ಸ್ಪೀಕರ್‌ಗೆ ಇಷ್ಟೇ ಶಕ್ತಿ ಇದ್ದಿದ್ದಕ್ಕೇ ಮಾರ್ಷಲ್ ಒಂದು ಪೆಟ್ಟಿಗೇಲಿ ನಾಲ್ಕು ಹಾಕೋ ಸ್ಥಿತಿ ಬಂದಿದ್ದು, 16 ಓಮ್‌ನ ನಾಲ್ಕನ್ನ ಸೀರೀಸ್-ಪ್ಯಾರಲಲ್ ಕಟ್ಟಿದ್ರೆ ಮತ್ತೆ 16 ಓಮೇ ಬರತ್ತೆ. ಸ್ಟೇಜ್ ಮೇಲೆ ಗೋಡೆ ಥರ ನಿಂತಿರೋ ಆ ಡಬ್ಬಗಳ ಹಿಂದೆ ಇರೋದು ಸ್ಟೈಲ್‌ಗಿಂತ ಜಾಸ್ತಿ ಸುಟ್ಟ ಕಾಯಿಲ್‌ಗಳ ಕಥೆ. ಗ್ರೀನ್‌ಬ್ಯಾಕ್ 98 ಡೆಸಿಬೆಲ್, ಮೇಲೆ ಮೆತ್ತಗೆ, ಮಧ್ಯದಲ್ಲಿ ದಪ್ಪ, ಬೇಗ ಒಡೆಯತ್ತೆ. ರಾಕ್, ಬ್ಲೂಸ್‌ಗೆ ಇದೇ. ಕ್ಲೀನ್ ಸೌಂಡ್ ಮಾತ್ರ ಸಪ್ಪೆ, ಫೆಂಡರ್ ಆಂಪ್‌ಗೆ ಒಂದೇ ಒಂದು ಹಾಕಿದ್ರೆ ಕೆಲವರಿಗೆ ಮಂಕು ಅನ್ನಿಸತ್ತೆ.

ಅದರ ಅಣ್ಣ ಜಿ12ಎಚ್, 30 ವ್ಯಾಟ್. ಮ್ಯಾಗ್ನೆಟ್ 35 ಔನ್ಸ್ ಬದಲು 50 ಔನ್ಸ್, ಸೆನ್ಸಿಟಿವಿಟಿ 100ರ ಹತ್ರ, ಬಾಸ್ ಬಿಗಿ, ಮೇಲೆ ಇನ್ನೊಂಚೂರು ಚುರುಕು. ಗಿಟಾರಿಸ್ಟ್ ಜಿಮಿ ಹೆಂಡ್ರಿಕ್ಸ್ ಹೆಸರನ್ನ ಇದರ ಜೊತೆ ಸೇರಿಸಿ ಹೇಳೋದುಂಟು. ಗ್ರೀನ್‌ಬ್ಯಾಕ್ ಇಷ್ಟ ಆದ್ರೆ ಸ್ವಲ್ಪ ಮುಸುಕು ಹಾಕಿದಂಗಿದೆ ಅನ್ನೋರು ಇದನ್ನ ಕೇಳಿ ನೋಡಿ, ನನಗೆ ಕೇಳಿದ್ರೆ ಹಳೇ ಸೆಲೆಶನ್‌ಗಳಲ್ಲಿ ಅತಿ ಕಡಿಮೆ ಹೆಸರು ಮಾಡಿದ ಅತಿ ಒಳ್ಳೇ ಸ್ಪೀಕರ್ ಇದು. ಗ್ರೀನ್‌ಬ್ಯಾಕ್ ಸೌಂಡೇ ಬೇಕು ಆದ್ರೆ ಆಂಪ್ 40-50 ವ್ಯಾಟ್, ಸ್ಪೀಕರ್ ಒಂದೇ ಅನ್ನೋರಿಗೆ ಈಗ 65 ವ್ಯಾಟ್‌ನ ಕ್ರೀಮ್‌ಬ್ಯಾಕ್ ಇದೆ, ಹಳೇದರ ಹಟ ಬಿಟ್ಟು ಅದನ್ನ ತಗೊಳ್ಳಿ.

ಸೆಲೆಶನ್‌ದೇ ವಿಂಟೇಜ್ 30 ಹೆಸರು ಕೇಳಿ ಮೋಸ ಹೋಗೋರು ಜಾಸ್ತಿ. ಅದು ವಿಂಟೇಜ್ ಅಲ್ಲ, 30 ವ್ಯಾಟೂ ಅಲ್ಲ. 1986ರಲ್ಲಿ ಬಂದಿದ್ದು, 60 ವ್ಯಾಟ್, 100 ಡೆಸಿಬೆಲ್, ಬ್ಲೂ ಸೌಂಡನ್ನ ಸೆರಾಮಿಕ್‌ನಲ್ಲಿ ಜಾಸ್ತಿ ವ್ಯಾಟ್‌ಗೆ ತರೋಕೆ ಹೊರಟು ಬೇರೇನೋ ಆಗಿ ನಿಂತ ಸ್ಪೀಕರ್. ಮಧ್ಯದ ಮೇಲ್ಭಾಗ ಎದ್ದು ನಿಲ್ಲತ್ತೆ, ಬ್ಯಾಂಡ್‌ನಲ್ಲಿ ಡ್ರಮ್ಸ್ ಕೀಬೋರ್ಡ್ ಮಧ್ಯೆ ಗಿಟಾರ್ ಕೇಳಿಸ್ಬೇಕಂದ್ರೆ ಅದು ಬೇಕು, ಒಬ್ರೇ ಕೂತು ನುಡಿಸುವಾಗ ಮೂಗಲ್ಲಿ ಹಾಡಿದಂಗೆ ಕೇಳ್ಸತ್ತೆ. ಎರಡು ಸ್ಪೀಕರ್ ಹಾಕೋ ಪೆಟ್ಟಿಗೆ ಇದ್ರೆ ಒಂದು ಗ್ರೀನ್‌ಬ್ಯಾಕ್ ಒಂದು ವಿಂಟೇಜ್ 30 ಅಂತ ಜೊತೆ ಮಾಡೋದು ಹಳೇ ಉಪಾಯ, ಚೆನ್ನಾಗೂ ಇರತ್ತೆ. ನೆನಪಿಡಬೇಕಾದ್ದು ಎರಡು, ಓಮ್ ಒಂದೇ ಇರ್ಲಿ, ಮತ್ತೆ ಪವರ್ ಇಬ್ಬರಿಗೂ ಸಮ ಹಂಚತ್ತೆ ಅನ್ನೋ ಕಾರಣಕ್ಕೆ ಗ್ರೀನ್‌ಬ್ಯಾಕ್‌ನ 25 ವ್ಯಾಟ್ ಲೆಕ್ಕದಲ್ಲೇ ನಿಲ್ಲಿ, 25+60 ಅಂತ ಕೂಡಿಸಿ 85 ಅನ್ನಬೇಡಿ, ಲೆಕ್ಕ 50.

ಜೋರಾಗಿ ನುಡಿಸ್ಬೇಕು, ಆದ್ರೆ ಒಡೀಬಾರದು ಅನ್ನೋರ ದಾರಿನೇ ಬೇರೆ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸರ್ಫ್ ಗಿಟಾರಿಸ್ಟ್ ಡಿಕ್ ಡೇಲ್, ಲಿಯೋ ಫೆಂಡರ್ ಕೊಟ್ಟ ಸ್ಪೀಕರ್‌ಗಳನ್ನೆಲ್ಲ ಒಂದರ ಮೇಲೊಂದು ಸುಟ್ಟು ಹಾಕಿ ಕೊನೆಗೆ ಇಬ್ರೂ ಜೆಬಿಎಲ್ ಬಾಗಿಲಿಗೆ ಹೋದ್ರು. ಅಲ್ಲಿನ ಡಿ130, 15 ಇಂಚಿನದು, 4 ಇಂಚಿನ ಕಾಯಿಲ್, ಮಧ್ಯದಲ್ಲಿ ಹೊಳೆಯೋ ಅಲ್ಯೂಮಿನಿಯಂ ಟೋಪಿ. ಅದನ್ನ ಗಿಟಾರ್‌ಗೆ ಹೊಂದಿಸಿದಾಗ ಡಿ130ಎಫ್ ಆಯ್ತು, ಎಫ್ ಅಂದ್ರೆ ಫೆಂಡರ್, ಅದರ 12 ಇಂಚಿನ ತಮ್ಮ ಡಿ120ಎಫ್. ಗ್ರೇಟ್‌ಫುಲ್ ಡೆಡ್ ಬ್ಯಾಂಡ್‌ನ ಜೆರ್ರಿ ಗಾರ್ಸಿಯಾ, ಎರಡು ಸ್ಪೀಕರ್ ಇರೋ ಫೆಂಡರ್ ಟ್ವಿನ್ ರಿವರ್ಬ್ ಆಂಪ್ ಜೊತೆ ಬಳಸಿದ್ದೂ ಜೆಬಿಎಲ್‌ಗಳನ್ನೇ. ಕ್ಲೀನ್, ದೊಡ್ಡದು, ಒಂದೊಂದು ನೋಟೂ ಗಾಜಿನ ಥರ. ಡಿಸ್ಟಾರ್ಷನ್ ಪೆಡಲ್ ಹಾಕಿದ್ರೆ ಕರ್ಕಶ. ಎಲೆಕ್ಟ್ರೋ-ವಾಯ್ಸ್‌ನ ಇವಿಎಂ12ಎಲ್ ಕೂಡ ಇದೇ ಜಾತಿ, 200 ವ್ಯಾಟ್, ಸ್ವಲ್ಪ ದುಂಡಗಿನ ಸೌಂಡ್, ಸ್ಪೀಕರ್ ಒಂದೇ ಎಂಟು ಕಿಲೋ ದಾಟತ್ತೆ. ಇಂಥವು ಎರಡು ಹಾಕಿದ ಟ್ವಿನ್ ರಿವರ್ಬ್ ಮೆಟ್ಟಿಲು ಹತ್ತಿಸೋಕೆ ಇನ್ನೊಬ್ಬ ಬೇಕು, ಆರ್ಕೆಸ್ಟ್ರಾ ಅಂತ ಊರೂರು ತಿರುಗೋರು ಇದನ್ನ ಮೊದಲೇ ಯೋಚಿಸಿ.

ಇಷ್ಟು ದುಡ್ಡಿಲ್ಲ ಅಂದ್ರೆ ಎಮಿನೆನ್ಸ್. ಬಾಬ್ ಗಾಲ್ಟ್ 1966ರಲ್ಲಿ ಕೆಂಟಕಿಯ ಎಮಿನೆನ್ಸ್ ಅನ್ನೋ ಊರಲ್ಲೇ ಶುರು ಮಾಡಿದ ಕಂಪನಿ, ಹೆಸರೂ ಊರಿಂದೇ. ಅಮೆರಿಕನ್ ಥರದ್ದು, ಇಂಗ್ಲಿಷ್ ಥರದ್ದು ಎರಡೂ ಮಾಡ್ತಾರೆ, ಬೆಲೆ ಸಮಾಧಾನ. ಇಂಡಿಯಾನಾದ ಕೊಕೊಮೊದಲ್ಲಿ ವೆಬರ್ ಅಂತ ಇದೆ, ಹಳೇ ಜೆನ್ಸನ್ ಸೆಲೆಶನ್‌ಗಳನ್ನ ಶ್ರದ್ಧೆಯಿಂದ ನಕಲು ಮಾಡೋರು, ಅಮೆರಿಕಾದಲ್ಲಿರೋ ನಮ್ಮೋರಿಗೆ ಒಳ್ಳೇ ಆಯ್ಕೆ. ಇಲ್ಲಿಗೆ ತರಿಸೋದಾದ್ರೆ ಕೊರಿಯರ್ ಖರ್ಚು, ಕಸ್ಟಮ್ಸ್ ಎಲ್ಲ ಸೇರಿಸಿ ಲೆಕ್ಕ ಹಾಕಿ, ಸ್ಪೀಕರ್ ಅಂದ್ರೆ ಮುಕ್ಕಾಲು ಪಾಲು ಕಬ್ಬಿಣ, ತೂಕದ ಮೇಲೆ ದುಡ್ಡು.

ಒರಿಜಿನಲ್ಲೇ ಹುಡುಕ್ತೀನಿ ಅನ್ನೋರು ಫ್ರೇಮಿನ ಅಂಚಿಗೆ ಟಾರ್ಚ್ ಬಿಟ್ಟು ನಂಬರ್ ನೋಡಿ. 220632 ಅಂತ ಒತ್ತಿದ್ರೆ 220 ಅಂದ್ರೆ ಜೆನ್ಸನ್, 6 ಅಂದ್ರೆ ವರ್ಷದ ಕೊನೇ ಅಂಕಿ, 32 ಅಂದ್ರೆ ಆ ವರ್ಷದ ಮೂವತ್ತೆರಡನೇ ವಾರ. 1956ಓ 1966ಓ ಅನ್ನೋದನ್ನ ಮಾಡೆಲ್, ಲೇಬಲ್ ನೋಡಿ ತೀರ್ಮಾನ ಮಾಡ್ಬೇಕು. 465 ಇದ್ರೆ ಆಕ್ಸ್‌ಫರ್ಡ್, 137 ಸಿಟಿಎಸ್, 328 ಯೂಟಾ, 67 ಎಮಿನೆನ್ಸ್. ಆಮೇಲೆ ಮಲ್ಟಿಮೀಟರ್ ಹಿಡಿದ್ರೆ 8 ಓಮ್ ಸ್ಪೀಕರ್ 6-7 ತೋರಿಸ್ಬೇಕು, 16 ಓಮಿಂದು 12-13, ಏನೂ ತೋರಿಸದಿದ್ರೆ ಕಾಯಿಲ್ ಕಟ್. ಎರಡೂ ಕೈ ಬೆರಳುಗಳನ್ನ ಕೋನ್‌ನ ಎರಡೂ ಕಡೆ ಸಮನಾಗಿ ಇಟ್ಟು ನಿಧಾನಕ್ಕೆ ಒತ್ತಿ, ಕಿವಿ ಹತ್ರ ತಗೊಂಡು ಹೋಗಿ, ಕರಕರ ಅಂತ ಉಜ್ಜೋ ಸದ್ದು ಬಂದ್ರೆ ಕಾಯಿಲ್ ತಾಗ್ತಿದೆ. ಮಾರೋರು ಒರಿಜಿನಲ್ ಕೋನ್ ಅಂದ್ರೂ ಅಂಚಿನ ಗೋಂದು ನೋಡಿ, ಹೊಸ ಹೊಳಪಿದ್ರೆ ರೀಕೋನ್ (ಹೊಸ ಕೋನ್ ಹಾಕಿದ್ದು) ಆಗಿರೋ ಸಾಧ್ಯತೆನೇ ಜಾಸ್ತಿ. ರೀಕೋನ್ ಆಗಿದ್ದೇ ತಪ್ಪಲ್ಲ, ಬೆಲೆ ಮಾತ್ರ ಒರಿಜಿನಲ್‌ದು ಕೊಡಬಾರದು. ಇಲ್ಲಿ ಮೈಕ್‌ಸೆಟ್ ಸ್ಪೀಕರ್‌ಗಳಿಗೆ ಕಾಯಿಲ್ ಹಾಕಿಕೊಡೋರು ಸುಮಾರು ಊರಲ್ಲಿ ಸಿಗ್ತಾರೆ, ಕೈ ಕೆಲಸ ಚೆನ್ನಾಗೇ ಇರತ್ತೆ, ಆದ್ರೆ ಹತ್ರ ಇರೋ ಕೋನ್ ಪೇಪರ್ ದಪ್ಪಗಿರೋ ಮೈಕ್‌ಸೆಟ್ ಪೇಪರ್, ಅದನ್ನ ಹಾಕಿದ್ರೆ ಜೆನ್ಸನ್ ಫ್ರೇಮ್ ಮಾತ್ರ ಉಳಿಯತ್ತೆ, ಜೆನ್ಸನ್ ಸೌಂಡ್ ಉಳಿಯಲ್ಲ. ಕೋನ್ ಕಿಟ್ ನೀವೇ ತರಿಸಿ ಕೊಟ್ರೆ ಆಗತ್ತೆ. ಕರಾವಳಿ, ಮಲೆನಾಡು ಕಡೆಯೋರಿಗೆ ಇನ್ನೊಂದು ಮಾತು, 60 ವರ್ಷದ ಪೇಪರ್ ಮಳೆಗಾಲದ ತಂಡಿಗೆ ಬೂಷ್ಟು ಹಿಡಿದು ಮೆತ್ತಗಾಗತ್ತೆ, ಹಾಗಾಗಿ ದಿನಾ ನುಡಿಸೋಕೆ ರೀಇಶ್ಯೂ ಹಾಕಿ ಒರಿಜಿನಲ್ಲನ್ನ ಒಣ ಜಾಗದಲ್ಲಿ ಎತ್ತಿಡಿ.

ಇನ್ನು ಯಾರಿಗೆ ಯಾವುದು. ಟ್ವೀಡ್ ಥರದ 5ರಿಂದ 15 ವ್ಯಾಟ್ ಆಂಪ್, ಮನೇಲೇ ನುಡಿಸೋದು ಅಂದ್ರೆ ಜೆನ್ಸನ್ ಪಿ12ಆರ್ ಅಥವಾ ಪಿ12ಕ್ಯೂ ರೀಇಶ್ಯೂ, ಸೆನ್ಸಿಟಿವಿಟಿ ಕಡಿಮೆ ಇರೋದೇ ಇಲ್ಲಿ ಅನುಕೂಲ. ಅದೇ ಆಂಪ್ ಹಿಡ್ಕೊಂಡು ಪಬ್‌ನಲ್ಲಿ ಡ್ರಮ್ಮರ್ ಪಕ್ಕ ನಿಲ್ಲೋದಾದ್ರೆ 10 ವ್ಯಾಟ್ ಒಳಗಿನದಕ್ಕೆ ಬ್ಲೂ, ಮೇಲಿನದಕ್ಕೆ ಜಿ12ಎಚ್. ಡಿಲಕ್ಸ್ ರಿವರ್ಬ್ ಥರ 22 ವ್ಯಾಟ್, ಕ್ಲೀನೂ ಬೇಕು ಸ್ವಲ್ಪ ಒಡೀಲೂ ಬೇಕು ಅಂದ್ರೆ ಸಿ12ಎನ್, ದುಡ್ಡು ಕಡಿಮೆ ಇದ್ರೆ ಎಮಿನೆನ್ಸ್‌ನ ಅಮೆರಿಕನ್ ಥರದ್ದು. ಮಾರ್ಷಲ್ ಥರದ ಆಂಪ್‌ಗೆ ಎರಡೋ ನಾಲ್ಕೋ ಗ್ರೀನ್‌ಬ್ಯಾಕ್, ಒಂದೇ ಸ್ಪೀಕರ್‌ಗೆ ಜಾಗ ಇದ್ರೆ ಕ್ರೀಮ್‌ಬ್ಯಾಕ್, ಬ್ಯಾಂಡ್‌ನಲ್ಲಿ ಮುಳುಗಿಹೋಗ್ತಿದೀನಿ ಅನ್ನೋರಿಗೆ ಮಾತ್ರ ವಿಂಟೇಜ್ 30. ಟ್ವಿನ್ ಇಟ್ಕೊಂಡು ಪೂರ್ತಿ ಕ್ಲೀನ್, ಪೆಡಲ್ ಸ್ಟೀಲ್, ಸರ್ಫ್ ಅನ್ನೋರು ಹಳೇ ಜೆಬಿಎಲ್ ಹುಡುಕಿ, ಬೆನ್ನು ಗಟ್ಟಿ ಇದ್ರೆ. ಇನ್ನು 10-15 ವ್ಯಾಟ್‌ನ ಪುಟ್ಟ ಟ್ರಾನ್ಸಿಸ್ಟರ್ ಪ್ರಾಕ್ಟೀಸ್ ಆಂಪ್ ಇರೋರು ಸ್ಪೀಕರ್‌ಗೆ ಇಷ್ಟೆಲ್ಲ ಖರ್ಚು ಮಾಡೋ ಬದಲು ಆ ದುಡ್ಡನ್ನ ಎತ್ತಿಟ್ಟು ಸೆಕೆಂಡ್‌ಹ್ಯಾಂಡ್ ಟ್ಯೂಬ್ ಆಂಪ್ ನೋಡಿ, ಅಮೆರಿಕಾದಿಂದ ಬಂದಿದ್ದಾದ್ರೆ 110 ವೋಲ್ಟ್ ಇರತ್ತೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಬೇಡಿ.